ಆ ಫಿಲ್ಮಿನಲ್ಲಿ ಇಲ್ಲದ ಕರೆ

ಸಿನಿಮಾ ಯಂತ್ರ ನಡೆಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡರೆ, ಯಾವ ಯಾವ ದೊಡ್ಡ ಚಿತ್ರ ಓಡಿಸಿದಿರಿ ಎಂದು ಕೇಳುತ್ತಾರೆ. ಎಲ್ಲವನ್ನೂ ಓಡಿಸಿದ್ದೇನೆ ಮಾರಾಯರೆ. ದೊಡ್ಡ ಚಿತ್ರ ಓಡಿಸುವುದರಲ್ಲಿ ಎಂತದೂ ಇಲ್ಲ, ಹೊಸ ಫಿಲ್ಮ್ ತನ್ನಷ್ಟಕ್ಕೆ ಓಡುತ್ತದೆ. ನನ್ನನ್ನು ಹುಡುಕಿಕೊಂಡು ಬರುವ ಇನ್ನೊಂದು ತರದ ಜನ ಇದ್ದಾರೆ. ಹೆಗಲಲ್ಲಿ ಚೀಲ, ಕೈಯಲ್ಲಿ ಟೇಪ್ ರೆಕಾರ್ಡರ್. ಹಳೆಯ ಚಿತ್ರಗಳ ಪೋಸ್ಟರು, ಹಾಡಿನ ಪುಸ್ತಕ, ತುಂಡು ಫಿಲ್ಮ್ ಕೂಡಿಹಾಕುವ ಸಂಗ್ರಾಹಕರು. ಅವರು ಕೇಳುವುದು ಒಂದೇ ಚಿತ್ರದ ಸುದ್ದಿ, ‘ಮನೆ ತಪ್ಪಿದ ಅಳಿಯ’. ಪರದೆಯ ಮೇಲೆ ಜನ ಮಾತಾಡಲು ಕಲಿತ ಹೊಸತರಲ್ಲಿ ತೆಗೆದ ಒಂದು ಸಣ್ಣ ಹಾಸ್ಯಚಿತ್ರ. ಅವರಿಗೆ ಅರ್ಧ ಹೇಳಿ ಕಳಿಸುತ್ತೇನೆ. ಪೂರ್ತಿ ಇಲ್ಲಿ ಬರೆದಿಡುತ್ತೇನೆ, ಯಂತ್ರದ ಕೋಣೆಯಲ್ಲಿ ಒಬ್ಬರೇ ಕೂರುವ ನಿಮಗಾಗಿ.

ನಾನು ಸೇರಿದ್ದು ಟೆಂಟು ಟಾಕೀಸಿಗೆ. ದೀಪಾವಳಿ ಕಳೆದ ಮೇಲೆ ಲಾರಿಯಲ್ಲಿ ಟೆಂಟು, ಬೆಂಚು, ಡೀಸೆಲ್ ಎಂಜಿನು ಹೇರಿಕೊಂಡು ಪುತ್ತೂರಿನಿಂದ ಹೊರಟರೆ ಸುಳ್ಯ, ಕಡಬ, ರಾಮಕುಂಜ, ಅರಂತೋಡು ಎಂದು ತಿರುಗಿ, ಮಳೆ ಹಿಡಿಯುವ ಮೊದಲು ಗಂಟುಮೂಟೆ ಕಟ್ಟುವುದು. ನನ್ನ ಮೇಲಿನ ಆಪರೇಟರ್ ಅದ್ದು ಬ್ಯಾರಿ. ಅವರಷ್ಟು ಬೈಯುವವರನ್ನು ನಾನು ಮತ್ತೆ ಕಂಡಿಲ್ಲ, ಅವರಷ್ಟು ಕಲಿಸಿದವರನ್ನೂ ಕಂಡಿಲ್ಲ. ಈಗಿನ ಫಿಲ್ಮು ಬೆಂಕಿ ತಗಲಿದರೆ ಕರಗುತ್ತದೆ ಅಷ್ಟೆ. ಆಗಿನ ಹಳೇ ಫಿಲ್ಮು ಹಾಗಲ್ಲ. ಯಂತ್ರದ ಬಾಯಲ್ಲಿ ಒಂದು ಗಳಿಗೆ ನಿಂತರೂ ಸಾಕು, ಬೆಳಕಿಗೆಂದು ಉರಿಯುವ ಕಾರ್ಬನ್ ಕಡ್ಡಿಯ ಕಾವಿಗೆ ಭಗ್ಗೆಂದು ಹತ್ತಿಕೊಂಡು ನೀರು ಹಾಕಿದರೂ ಆರುತ್ತಿರಲಿಲ್ಲ. ಅದ್ದು ಬ್ಯಾರಿ ಮೊದಲ ದಿನವೇ ಹೇಳಿದ್ದು, ‘ಹೆಂಡತಿಗೆ ಬೆನ್ನು ಹಾಕು, ಧಣಿಗೆ ಬೆನ್ನು ಹಾಕು, ಹಳೇ ಫಿಲ್ಮಿಗೆ ಬೆನ್ನು ಹಾಕಬೇಡ’ ಎಂದು. ನಾನು ಹಾಗೆ ಬೆನ್ನು ಹಾಕಿದ್ದು ಒಂದೇ ಸಲ.

ಎಡವಟ್ಟು ಮಾಡಲಿಲ್ಲವೇ ಎಂದರೆ, ಮಾಡಿದೆ. ರಾಮಕುಂಜದಲ್ಲಿ ಒಂದು ಪೌರಾಣಿಕ ಚಿತ್ರದ ರೀಲುಗಳನ್ನು ಹಿಂದುಮುಂದು ಹಾಕಿದೆ. ಸತ್ತು ಚಿತೆ ಏರಿದ ರಾಜ ಮುಂದಿನ ರೀಲಿನಲ್ಲಿ ಸಿಂಹಾಸನದ ಮೇಲೆ ಕೂತು ವೀಳ್ಯ ಮೆಲ್ಲುತ್ತಿದ್ದ. ಕಲ್ಲು ಬೀಳುತ್ತದೆಂದು ನಾನು ತಲೆ ಬಗ್ಗಿಸಿ ಕೂತರೆ, ನೆಲದಲ್ಲಿ ಕೂತ ಹೆಂಗಸರು ಕೈ ಮುಗಿಯುತ್ತಿದ್ದರು. ಸತ್ತವ ಎದ್ದು ಬರುವುದು ಅವರಿಗೆ ಆಶ್ಚರ್ಯವೇ ಆಗಿರಲಿಲ್ಲ. ಆಗ ನನಗೆ ನಗು ಬಂದಿತ್ತು.

ಚಿತ್ರದ ಪೆಟ್ಟಿಗೆ ಮಂಗಳೂರಿನಿಂದ ಬಸ್ಸಿನ ಮೇಲೆ ಬರಬೇಕು. ಬಸ್ಸು ಕೆಟ್ಟರೆ ಪೆಟ್ಟಿಗೆ ಇಲ್ಲ, ಟೆಂಟಿನಲ್ಲಿ ಜನ ಮಾತ್ರ ಉಂಟು. ಅಂಥ ದಿನಕ್ಕೆಂದು ಟೆಂಟಿನ ಧಣಿಗಳು ಒಂದು ಫಿಲ್ಮನ್ನು ಸ್ವಂತಕ್ಕೆ ಇಟ್ಟುಕೊಂಡಿದ್ದರು. ಮುಚ್ಚಿಹೋದ ಯಾವುದೋ ಕಂಪನಿಯಿಂದ ಕಡಿಮೆಗೆ ಸಿಕ್ಕಿದ್ದು. ಅದೇ ‘ಮನೆ ತಪ್ಪಿದ ಅಳಿಯ’.

ಕಥೆ ಇಷ್ಟೆ. ಹೊಸ ಅಳಿಯನೊಬ್ಬ ಮಾವನ ಮನೆ ಹುಡುಕುತ್ತಾ ಸಿಕ್ಕಸಿಕ್ಕ ಮನೆಗೆ ನುಗ್ಗಿ ಒದೆ ತಿನ್ನುತ್ತಾನೆ. ಅವನ ಹಾಸಿಗೆ ಗಂಟು ಹೊತ್ತ ಒಬ್ಬ ಆಳು ಹಿಂದಿನಿಂದ ಬರುತ್ತಾನೆ. ಎಲ್ಲರ ಮುಖಕ್ಕೂ ಹಿಟ್ಟು ಬಳಿದಷ್ಟು ಬಿಳುಪು, ತುಟಿ ಕಪ್ಪು, ಮಾತು ಕೊಡಪಾನದೊಳಗಿಂದ ಬಂದ ಹಾಗೆ. ಕೊನೆಗೆ ಆಳು ಒಂದು ಮುಚ್ಚಿದ ಬಾಗಿಲ ಮುಂದೆ ಗಂಟು ಇಳಿಸಿ, ‘ಅವ್ವಾ’ ಎಂದು ಒಮ್ಮೆ ಕರೆಯುತ್ತಾನೆ. ಯಾರೂ ಓಗೊಡುವುದಿಲ್ಲ. ಬಾಗಿಲು ತೆರೆಯುವುದಿಲ್ಲ. ಸುಮಾರು ಹೊತ್ತು ಅವನು ಹಾಗೆಯೇ ಕಿವಿಕೊಟ್ಟು ನಿಲ್ಲುತ್ತಾನೆ, ಆಮೇಲೆ ನಮ್ಮ ಕಡೆ ತಿರುಗಿ ನಗುತ್ತಾನೆ. ಜನ ನಗಲಿ ಎಂದು ಆ ಬಿಡುವು ಇಟ್ಟದ್ದಂತೆ. ಆದರೆ ಉಳಿದ ಕಡೆಯೆಲ್ಲ ಬಿದ್ದು ಬಿದ್ದು ನಗುತ್ತಿದ್ದ ನಮ್ಮ ಜನ ಆ ಜಾಗದಲ್ಲಿ ಮಾತ್ರ ನಗುತ್ತಿರಲಿಲ್ಲ. ಎಂಜಿನಿನ ಸದ್ದು ಬಿಟ್ಟರೆ ಇಡೀ ಟೆಂಟು ಸುಮ್ಮನಾಗುತ್ತಿತ್ತು.

ಕಾರಣ ಉಂಟು. ಸತ್ತವರ ಜೀವಕ್ಕೆ ನಮ್ಮ ಕಡೆ ಕುಲೆ ಎನ್ನುತ್ತಾರೆ. ಕುಲೆ ಕರೆಯುವುದು ಒಂದೇ ಸಲ. ಜೀವ ಇದ್ದವರಾದರೆ ಎರಡನೆಯ ಸಲ ಕರೆಯುತ್ತಾರೆ. ಅದಕ್ಕೇ ಕತ್ತಲಾದ ಮೇಲೆ ಯಾರು ಕರೆದರೂ ಮೊದಲ ಕರೆಗೆ ಓ ಎನ್ನಬಾರದೆಂದು ಮಕ್ಕಳಿಗೆ ಕಲಿಸುತ್ತಾರೆ. ಆ ಬಿಳಿ ಮುಖದವನು ಒಮ್ಮೆ ಕರೆದು ಕಾಯುತ್ತಾ ನಿಂತಾಗ, ಇವನು ಇನ್ನೊಮ್ಮೆ ಕರೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿರುತ್ತಿತ್ತು.

ಐವತ್ತರ ದಶಕ ಮುಗಿಯುತ್ತಾ ಬಂದಾಗ, ಅರಂತೋಡಿನಲ್ಲಿ ಒಂದು ಸಂಜೆ ಪೆಟ್ಟಿಗೆ ಬರಲಿಲ್ಲ. ದೇವರ ಚಿತ್ರ ನೋಡಲು ಬಂದವರಿಗೆ ಈ ಹಾಸ್ಯ ಹಾಕಿದೆವು. ಆಳು ‘ಅವ್ವಾ’ ಎಂದ. ನೆಲದಲ್ಲಿ ಕೂತ ಹೆಂಗಸರ ನಡುವಿನಿಂದ ಒಬ್ಬರು, ಒಲೆಯ ಮುಂದೆ ಕೂತವರು ಅಂಗಳದಿಂದ ಕರೆದ ಮಗನಿಗೆ ಹೇಳುವಷ್ಟು ಸಹಜವಾಗಿ, ‘ಓ’ ಎಂದರು.

ಪರದೆಯ ಮೇಲಿನವನು ತಿರುಗಿ ನಕ್ಕ. ಅವನು ಅಲ್ಲಿ ನಗುವುದು ಯಾವಾಗಲೂ ಇದ್ದದ್ದೇ. ಆದರೆ ಆ ದಿನ ಅದು ಉತ್ತರ ಸಿಕ್ಕಿದವನ ನಗು. ಬೆಂಚಿನವರು ಎದ್ದು ನಿಂತರು, ಹೆಂಗಸರು ಮಕ್ಕಳ ಕಿವಿ ಮುಚ್ಚಿದರು. ಅದ್ದು ಬ್ಯಾರಿ ಬಾಯಲ್ಲಿದ್ದ ಬೀಡಿ ತೆಗೆದು, ಏನೋ ಪ್ರಾರ್ಥನೆ ಹೇಳಿಕೊಂಡರು. ಅವರು ನನ್ನನ್ನು ಬೈಯದೆ ಇದ್ದ ಸಂಜೆ ಅದೊಂದೇ.

ಓಗೊಟ್ಟವರು ಪೂವಕ್ಕ. ಅಲ್ಲಿಂದ ಸ್ವಲ್ಪ ಒಳಗೆ ಬೇಸಾಯದ ಮನೆ, ಮನೆಯಲ್ಲಿ ಆಡುವುದು ಅರೆಭಾಷೆ, ಸುಳ್ಯದ ಕಡೆಯ ಗೌಡರ ಕನ್ನಡ. ಅವರ ಎರಡನೆಯ ಮಗ ಬೆಳ್ಯಪ್ಪ ಹರೆಯದಲ್ಲಿ ನಾಟಕ ಕಂಪನಿಯೊಂದರ ಹಿಂದೆ ಮನೆಬಿಟ್ಟು ಹೋದವನು. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ತಾಯಿಗೆ ‘ಬರ್ತೇನೆ’ ಎಂದು ಒಂದು ಮಾತು ಹೇಳದೆ ಹೋದ. ಆ ಕಂಪನಿ ಘಟ್ಟದ ಮೇಲೆ ಎಲ್ಲೋ ಸಿನಿಮಾ ಮಾಡಿತಂತೆ. ಮುಂಬಯಿಯಿಂದ ಬಂದ ಊರಿನವರೊಬ್ಬರು, ಅವನು ಜ್ವರದಲ್ಲಿ ತೀರಿಹೋಗಿ ವರ್ಷಗಳಾದವು ಎಂದು ಹೇಳಿದ್ದರು. ಹೆಣ ಕಂಡವರಿಲ್ಲ. ಅವ್ವ ಎನ್ನುವುದು ಘಟ್ಟದ ಮೇಲಿನವರ ಮಾತೂ ಹೌದು, ಅರೆಭಾಷೆಯ ಮಾತೂ ಹೌದು. ಆದರೆ ಆ ಕರೆಯ ಕೊನೆಯಲ್ಲಿ ದನಿ ಸ್ವಲ್ಪ ಮೇಲೆ ಹೋಗುವುದು ತನ್ನ ಮಗನದ್ದೇ ಎಂದು ಪೂವಕ್ಕ ಹೇಳಿದರು. ಸತ್ತ ಸುದ್ದಿಯನ್ನು ಅವರು ಮೊದಲೂ ನಂಬಿರಲಿಲ್ಲ. ಈಗ ನಂಬಿಸಲು ಯಾರಿಂದಲೂ ಸಾಧ್ಯವಿರಲಿಲ್ಲ.

ಆಮೇಲೆ ಅವರು ನಮ್ಮ ಹಿಂದೆಯೇ ಬರತೊಡಗಿದರು. ಸುಳ್ಯಕ್ಕೂ ಬಂದರು, ಕಡಬಕ್ಕೂ ಬಂದರು. ಬಸ್ಸಿಳಿದು, ನೆಲದಲ್ಲಿ ಎಲ್ಲರಿಗಿಂತ ಮುಂದೆ ಕೂತು, ಕರೆಗೆ ಓಗೊಟ್ಟು, ಪರಿಚಯದವರ ಮನೆಯಲ್ಲಿ ಮಲಗಿ ಬೆಳಿಗ್ಗೆ ಹೋಗುವುದು. ಸುದ್ದಿ ಹಬ್ಬಿತು. ಪೆಟ್ಟಿಗೆ ಸರಿಯಾಗಿ ಬಂದ ದಿನವೂ ಧಣಿಗಳು ಆ ಹಾಸ್ಯ ಹಾಕಲು ಹೇಳಿದರು, ಯಾಕೆಂದರೆ ಜನ ಈಗ ಅದನ್ನೇ ಕೇಳುತ್ತಿದ್ದರು. ನಗಲಿಕ್ಕಲ್ಲ, ಹೆದರಲಿಕ್ಕೆ. ಆ ಮುದುಕಿ ಯಾವಾಗ ಓ ಎನ್ನುತ್ತಾರೆಂದು ಕಾದು, ಅಂದ ಮೇಲೆ ಹೋ ಎಂದು ಕಿರುಚಿ ಓಡುವವರೂ ಇದ್ದರು. ಆ ತಾಯಿಯ ಪ್ರಾಣಸಂಕಟ ನಿಮಗೆ ಆಟವಾ ಎಂದು ಧಣಿಗಳಿಗೆ ಮುಖದ ಮೇಲೆ ಹೇಳಿದೆ. ಸಂಬಳ ಬೇಡವಾ ಎಂದು ಅವರು ಕೇಳಿದರು.

ಮದ್ರಾಸಿನ ರಾಯರು ಬಂದದ್ದು ಆ ಸಮಯದಲ್ಲೇ. ನಾನು ಕಂಡ ಮೊದಲ ಸಂಗ್ರಾಹಕ ಅವರು. ಮಿತ ಮಾತು, ಬಿಳಿ ಅಂಗಿ, ಕಬ್ಬಿಣದ ಟ್ರಂಕು. ಈ ಚಿತ್ರದ ಒಂದು ಹಳೇ ಪೋಸ್ಟರು ಅವರಿಗೆ ಎಲ್ಲೋ ಸಿಕ್ಕಿತ್ತು. ಅಂದಿನಿಂದ ಫಿಲ್ಮಿಗಾಗಿ ಊರೂರು ಅಲೆದಿದ್ದರು. ಚಿತ್ರ ಏನೂ ಚೆನ್ನಾಗಿಲ್ಲವಲ್ಲ ಎಂದು ನಾನು ಕೇಳಿದೆ. ಒಳ್ಳೆಯ ಚಿತ್ರ ಎಲ್ಲರ ಹತ್ತಿರವೂ ಇರುತ್ತದೆ, ಯಾರಿಗೂ ಬೇಡವಾದದ್ದನ್ನು ಒಬ್ಬನಾದರೂ ಉಳಿಸಬೇಕು ಎಂದರು. ನನಗೆ ಆ ಮಾತು ಹಿಡಿಸಿತು. ಡಬ್ಬಿ ತೆರೆದು ಮೂಸಿ ನೋಡಿದಾಗ ಅವರ ಮುಖ ಸಣ್ಣದಾಯಿತು. ಫಿಲ್ಮು ಹುಳಿವಾಸನೆ ಹೊಡೆಯುತ್ತಿತ್ತು, ಅಂಚು ಅಂಟಂಟಾಗಿತ್ತು. ಇನ್ನು ಕೆಲವು ಸಲ ಓಡಿಸಿದರೆ ಇದು ಪುಡಿಯಾಗುತ್ತದೆ, ಈಗ ಕೊಟ್ಟರೆ ಪ್ರತಿ ತೆಗೆಸಬಹುದು ಎಂದರು. ಮತ್ತೆ ಅರಂತೋಡಿಗೆ ಹೋಗಿ ಅಲ್ಲಿನ ಕ್ಯಾಂಪು ಮುಗಿದೊಡನೆ ಕೊಡುವುದೆಂದು ಧಣಿಗಳು ಮಾತು ಕೊಟ್ಟರು.

ಅದನ್ನು ಕೇಳಿ ಪೂವಕ್ಕನ ದೊಡ್ಡ ಮಗ ದೇರಣ್ಣ ಗೌಡರು ನನ್ನ ಕೋಣೆಗೆ ಬಂದರು. ಗಟ್ಟಿಮುಟ್ಟಾದ ಆಳು, ಅಳುವ ಸ್ಥಿತಿಯಲ್ಲಿದ್ದರು. ಅವರ ತಂಗಿ ಕಮಲನಿಗೆ ಕೆದಂಬಾಡಿಯಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹಿಂದೆ ಬಂದ ಸಂಬಂಧಗಳೆಲ್ಲ ಮುರಿದಿದ್ದವು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗ, ಮನೆಯಲ್ಲಿ ಸತ್ತವನೊಬ್ಬ ಅನ್ನ ಸಿಗದೆ ಅಲೆಯುತ್ತಿದ್ದಾನೆ, ಅವನನ್ನು ಹಿರಿಯರ ಜೊತೆ ಸೇರಿಸದೆ ತಂಗಿಯ ಮದುವೆ ಆಗದು ಎಂದು ಬಂತು. ಕೆದಂಬಾಡಿಯವರೂ ಅದನ್ನೇ ಹೇಳಿ, ಮಳೆಗಾಲದ ಒಳಗೆ ಮುಗಿಸಿ ಎಂದಿದ್ದರು. ಸತ್ತವನನ್ನು ಸೇರಿಸಲು ಹೆತ್ತವಳೇ ಅವನನ್ನು ಕರೆದು, ಎಲೆ ಹಾಕಿ ಬಡಿಸಬೇಕು. ಪೂವಕ್ಕ ಒಪ್ಪುತ್ತಿರಲಿಲ್ಲ. ಮಾತಾಡುವ ಮಗನಿಗೆ ಸತ್ತವರ ಎಲೆ ಹೇಗೆ ಹಾಕುವುದು ಎಂಬುದು ಅವರ ಒಂದೇ ಪ್ರಶ್ನೆ.

‘ಆ ರೀಲಿಗೆ ಬೆಂಕಿ ಕೊಡಿ ಮಾರಾಯ್ರೆ’ ಎಂದರು ದೇರಣ್ಣ. ‘ಸತ್ತ ತಮ್ಮನಿಗಾಗಿ ಬದುಕಿದ ತಂಗಿ ಮನೆಯಲ್ಲೇ ಕೊಳೆಯುದಾ?’

ಬೆಂಕಿ ಕೊಡುವುದು ಆಗದ ಮಾತು. ನಾನೇ ಪೂವಕ್ಕನ ಹತ್ತಿರ ಹೋಗಿ, ಫಿಲ್ಮು ಮದ್ರಾಸಿಗೆ ಹೋಗುತ್ತದೆ, ಇನ್ನು ಬರುವುದಿಲ್ಲ ಎಂದು ಇದ್ದದ್ದನ್ನು ಹೇಳಿದೆ. ಅಂಗಳದಲ್ಲಿ ಕಮಲ ಅಡಿಕೆ ಹೆಕ್ಕುತ್ತಿದ್ದಳು. ತಾಯಿ ಅವಳನ್ನೇ ನೋಡುತ್ತಿದ್ದರು.

‘ಮನೆಯಲ್ಲಿ ಬಡಿಸಿದ್ರೆ ಅವ ಬರುದಿಲ್ಲ’ ಎಂದರು ಕೊನೆಗೆ. ‘ಅವ ಇರುದು ನಿನ್ನ ಪರದೆಯಲ್ಲಿ. ಬಡಿಸುದಾದ್ರೆ ಅಲ್ಲಿಯೇ. ಆ ದಿನ ನಾನು ಓ ಹೇಳುದಿಲ್ಲ. ಅವ ಒಂದೇ ಸಲ ಕರೆದು ಸುಮ್ಮನಾದ್ರೆ, ಸತ್ತಿದ್ದಾನೆ ಅಂತ ಒಪ್ತೇನೆ.’

ಫಿಲ್ಮಿನಲ್ಲಿ ಇರುವುದೇ ಒಂದು ಕರೆ. ಇದು ದೇರಣ್ಣನಿಗೂ ಗೊತ್ತು, ನನಗೂ ಗೊತ್ತು, ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಒಪ್ಪಿಕೊಳ್ಳಲು ಅವರಿಗೆ ಒಂದು ದಾರಿ ಬೇಕಿತ್ತು, ಅದನ್ನು ತಾವೇ ಮಾಡಿಕೊಂಡರು ಎಂದುಕೊಂಡೆ.

ಕ್ಯಾಂಪಿನ ಕೊನೆಯ ದಿನ, ದೀಪ ಹಚ್ಚುವ ಹೊತ್ತಿಗೆ, ಟಿಕೆಟ್ ಕೊಡುವ ಮೊದಲು ಏರ್ಪಾಡು ಆಯಿತು. ಖಾಲಿ ಟೆಂಟು. ಪರದೆಯ ಕೆಳಗೆ ಸೆಗಣಿ ಸಾರಿಸಿ, ಬಾಳೆಲೆ ಹಾಕಿ, ಪೂವಕ್ಕ ರೊಟ್ಟಿ, ಕೋಳಿ ಸಾರು, ಕುಚ್ಚಲಕ್ಕಿ ಅನ್ನ ಬಡಿಸಿದರು. ಮಗನ ಹೆಸರು ಹೇಳಿ ಕರೆದರು. ಬಡಿಸಿದ ಮೇಲೆ ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚಿ ಕಾಯುವುದು ಪದ್ಧತಿ. ಉಣ್ಣಲು ಬಂದವರನ್ನು ಜೀವ ಇದ್ದವರು ನೋಡಬಾರದು. ತಾಯಿ, ದೇರಣ್ಣ, ಕಮಲ, ರಾಯರು, ಅದ್ದು ಬ್ಯಾರಿ ಎಲ್ಲ ಹೊರಗೆ ಹೋದರು, ಬಾಗಿಲ ಪರದೆ ಇಳಿಯಿತು. ಒಳಗೆ ಉಳಿದವನು ನಾನೊಬ್ಬ, ಹಿಂಬದಿಯ ತಗಡಿನ ಕೋಣೆಯಲ್ಲಿ. ನಾನೂ ನೋಡಬಾರದು. ಯಂತ್ರ ಹೊರಡಿಸಿ, ಕಡ್ಡಿಯ ಬೆಳಕು ಸರಿಮಾಡಿ, ಜೀವಮಾನದಲ್ಲಿ ಮೊದಲ ಸಲ ಹಳೇ ಫಿಲ್ಮಿಗೆ ಬೆನ್ನು ಹಾಕಿ ನಿಂತೆ. ಒಂದು ಕೈ ಮಾತ್ರ ಹಿಂದಕ್ಕೆ ಚಾಚಿ ಯಂತ್ರದ ಮೈ ಮೇಲೆ ಇಟ್ಟಿದ್ದೆ, ಓಟ ತಪ್ಪಿದರೆ ತಿಳಿಯಲಿ ಎಂದು.

ಖಾಲಿ ಟೆಂಟಿನಲ್ಲಿ ಹಾಸ್ಯಚಿತ್ರ ಕೇಳಿದ್ದೀರಾ? ಕೇಳಬೇಡಿ. ಒಂದೊಂದು ತಮಾಷೆಯ ಮಾತೂ ಮುಗಿದು, ನಗುವಿಗೆ ಕಾದು, ನಗು ಸಿಗದೆ ಮುಂದಕ್ಕೆ ಹೋಗುತ್ತದೆ. ಅಳಿಯ ಒದೆ ತಿಂದ, ಕೊಡ ಉರುಳಿತು, ಯಾರೋ ಹಾಡಿದರು. ಆಮೇಲೆ ಹೆಜ್ಜೆಯ ಸದ್ದು, ಗಂಟು ಇಳಿಸುವ ಸದ್ದು.

‘ಅವ್ವಾ.’

ಹೊರಗಿನಿಂದ ಓ ಬರಲಿಲ್ಲ. ಪೂವಕ್ಕ ಮಾತು ಉಳಿಸಿಕೊಂಡರು. ಬಿಡುವು ಹರಿಯುತ್ತಾ ಹೋಯಿತು. ಯಂತ್ರ ನನ್ನ ಅಂಗೈಯ ಕೆಳಗೆ ಸರಿಯಾಗಿ ತಿರುಗುತ್ತಿತ್ತು, ಒಂದು ಚೂರೂ ಎಡವಲಿಲ್ಲ. ಇನ್ನೇನು ನಗು ಬರಬೇಕು, ಬಂದರೆ ಮುಗಿಯಿತು, ಕಮಲನ ಮದುವೆ ಆಯಿತು ಎಂದುಕೊಂಡೆ.

‘ಅವ್ವಾ’ ಎಂದಿತು ದನಿ, ಎರಡನೆಯ ಸಲ.

ಮೊದಲಿಗಿಂತ ಮೆತ್ತಗೆ. ಕೊಡಪಾನದ ಒಳಗಿಂದಲ್ಲ, ಹತ್ತಿರದಿಂದ. ಆಮೇಲೆ ಯಾವತ್ತಿನ ನಗು ಬಂತು, ರೀಲು ಮುಗಿದು ಫಿಲ್ಮಿನ ಬಾಲ ಪಟಪಟ ಹೊಡೆಯತೊಡಗಿತು. ನಾನು ತಿರುಗಲಿಲ್ಲ. ತಿರುಗುವ ಧೈರ್ಯ ನನಗಿರಲಿಲ್ಲ. ಎಂಜಿನು ನಿಲ್ಲಿಸಲು ಅದ್ದು ಬ್ಯಾರಿ ಹೊರಗಿನಿಂದ ಓಡಿದ್ದು ಕೇಳಿಸಿತು.

ಬಾಗಿಲ ಪರದೆ ಎತ್ತಿದರು. ಎಲೆಯ ಮೇಲಿನ ಅನ್ನ ಹಾಗೆಯೇ ಇತ್ತು. ಎಲ್ಲರೂ ಕೇಳಿದ್ದರು. ಎರಡು ಸಲ ಕರೆಯುವವರು ಜೀವ ಇದ್ದವರು. ತಾಯಿ ಇಷ್ಟು ವರ್ಷ ಹೇಳುತ್ತಾ ಬಂದದ್ದು ಎಲ್ಲರ ಎದುರು ನಿಜವಾಗಿತ್ತು. ಈಗ ಅವರು ಒಂದು ಮಾತು ಹೇಳಿದರೆ ಎಲೆ ಹಾಕಿದ್ದು ವ್ಯರ್ಥ, ಕೆದಂಬಾಡಿಯ ಸಂಬಂಧವೂ ಹೋದ ಹಾಗೆ. ಪೂವಕ್ಕ ಪರದೆಯ ಹತ್ತಿರ ಹೋಗಿ, ಖಾಲಿ ಬಿಳಿ ಬಟ್ಟೆಯ ಮೇಲೆ ಕೈ ಇಟ್ಟು ನಿಂತರು. ಆಮೇಲೆ ತಿರುಗಿ ಮಗಳನ್ನು ನೋಡಿದರು.

‘ಅಂದು ಬರ್ತೇನೆ ಹೇಳದೆ ಹೋಗಿದ್ದ’ ಎಂದರು. ‘ಈಗ ಹೇಳಿದ. ಹೋದ. ಎಲೆ ತೆಗೀರಿ.’

ಅಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ಬಾಯಿಯೊಳಗೆ ಯಾವ ಶಬ್ದವನ್ನು ತಡೆದರೆಂದು ಅಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು. ಅವರು ನಿಜವಾಗಿ ಹಾಗೆ ನಂಬಿದರೋ, ಮಗಳಿಗಾಗಿ ಮಗನನ್ನು ಬಿಟ್ಟುಕೊಟ್ಟರೋ ನನಗೆ ಇಂದಿಗೂ ತಿಳಿಯದು. ನನಗೆ ಅಳು ಬಂತು, ಅತ್ತುಬಿಟ್ಟೆ.

ಮರುದಿನ ಬೆಳಕು ಹರಿದ ಮೇಲೆ ರಾಯರು, ಅದ್ದು ಬ್ಯಾರಿ, ನಾನು ಫಿಲ್ಮನ್ನು ಕೈಯಲ್ಲಿ ಹಿಡಿದು ಅಂಗುಲ ಅಂಗುಲ ನೋಡಿದೆವು. ಅಂಚಿನಲ್ಲಿ ಓಡುವ ಶಬ್ದದ ಗೆರೆ ಕರೆಯ ಜಾಗದಲ್ಲಿ ಒಮ್ಮೆ ಹಲ್ಲುಹಲ್ಲಾಗುತ್ತದೆ. ಮುಂದೆ ಬಿಡುವಿನುದ್ದಕ್ಕೂ ಬೋಳು. ಜೋಡಿಸಿದ ಗುರುತು ಇಲ್ಲ, ಗೀರು ಇಲ್ಲ. ಹೊಸಬರಿಗೆ ಹೇಳುತ್ತೇನೆ, ಕುಗ್ಗಿದ ಫಿಲ್ಮು ಜಾರಿದರೆ ಚಿತ್ರ ಕುಣಿಯಬಹುದು, ಮಾತು ಕಡಿಯಬಹುದು. ಹೋದ ಮಾತನ್ನು ಹಿಂದೆ ತರುವ ಯಂತ್ರ ಇನ್ನೂ ಹುಟ್ಟಿಲ್ಲ. ಅದ್ದು ಬ್ಯಾರಿ ಡಬ್ಬಿ ಮುಚ್ಚಿ, ಈ ಸುದ್ದಿ ಬೇಡ ಎಂದರು, ಸಾಯುವವರೆಗೂ ಎತ್ತಲಿಲ್ಲ.

ರಾಯರು ಫಿಲ್ಮು ಕೊಂಡೊಯ್ದು ಪ್ರತಿ ತೆಗೆಸಿದರು. ಅದನ್ನು ಎಷ್ಟು ಸಲ ಹಾಕಿ ಕೇಳಿದರೋ. ಒಂದೇ ಕರೆ. ಅವರ ಬಾಯಿಂದ ಸುದ್ದಿ ಉಳಿದ ಸಂಗ್ರಾಹಕರಿಗೆ ಹೋಯಿತು. ಯಾರಿಗೂ ಬೇಡದಿದ್ದ ಚಿತ್ರಕ್ಕೆ ಹುಡುಕಾಟ ಶುರುವಾದದ್ದು ಆಮೇಲೆ. ಇನ್ನೊಂದು ಪ್ರತಿ ಎಲ್ಲಾದರೂ ಇದ್ದೀತು, ಅದರಲ್ಲಿ ಎರಡನೆಯ ಕರೆ ಇದ್ದೀತು ಎಂದು ನನ್ನವರೆಗೆ ಬರುತ್ತಾರೆ. ಫಿಲ್ಮಿನಲ್ಲಿ ಇರುವುದಕ್ಕಲ್ಲ, ಇಲ್ಲದ್ದಕ್ಕೆ ಅವರಿಗೆ ಅಷ್ಟು ಆಸೆ. ನಾನು ಕಾಫಿ ಕೊಟ್ಟು ಕಳಿಸುತ್ತೇನೆ.

ಕಮಲನ ಮದುವೆ ಆ ಬೇಸಗೆಯಲ್ಲೇ ಆಯಿತು. ಟೆಂಟು ಮುಚ್ಚಿ ನಾನು ಪುತ್ತೂರಿನ ಥಿಯೇಟರಿಗೆ ಸೇರಿದ ಮೇಲೆ, ಅರವತ್ತರ ದಶಕದ ಕೊನೆಗೆ, ಅವಳು ಗಂಡ ಮಕ್ಕಳೊಂದಿಗೆ ಒಂದು ಮಧ್ಯಾಹ್ನದ ಆಟಕ್ಕೆ ಬಂದಳು. ಗುರುತು ಹಿಡಿದು ಮೆಟ್ಟಿಲು ಹತ್ತಿ ಮಾತಾಡಿಸಿದಳು. ಪೂವಕ್ಕ ಕೊನೆಯ ದಿನಗಳನ್ನು ಕೆದಂಬಾಡಿಯಲ್ಲಿ ಅವಳ ಮನೆಯಲ್ಲೇ ಕಳೆದರಂತೆ. ಮಗನ ಹೆಸರು ಮತ್ತೆ ಎತ್ತಲಿಲ್ಲವಂತೆ, ಸಿನಿಮಾಕ್ಕೆ ಹೋಗೋಣವೆಂದರೆ ಬೇಡ ಎನ್ನುತ್ತಿದ್ದರಂತೆ.

‘ತೀರಿಹೋದ ದಿನ ಬೆಳಿಗ್ಗೆ ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ರು’ ಎಂದಳು ಕಮಲ. ‘ಮನೆಯಲ್ಲಿ ಯಾರೂ ಕರೆದದ್ದಿಲ್ಲ, ಅಣ್ಣಾ. ನಾನು ಹತ್ತಿರವೇ ಇದ್ದೆ. ಓ, ಬಂದೆ ಮಗಾ, ಅಂದ್ರು.’

ಕೆಳಗೆ ಆಟ ಶುರುವಾಗುವ ಗಂಟೆ ಹೊಡೆಯಿತು. ಅವಳು ಮಕ್ಕಳ ಹತ್ತಿರ ಹೋದಳು, ನಾನು ಯಂತ್ರ ಹೊರಡಿಸಿದೆ.